14,000 ಕಿಲೋಮೀಟರ್ ಅಂದ್ರೆ ಎಷ್ಟು ಹೊತ್ತು?

ಎರಡು ವಿಮಾನ ನಿಲ್ದಾಣಗಳ ಹೆಸರು ಕೊಟ್ಟರೆ ಸಾಕು, ಮಧ್ಯೆ ದೂರ ಎಷ್ಟು, ಹಾರೋಕೆ ಎಷ್ಟು ಗಂಟೆ ಬೇಕು ಅಂತ ಕಣ್ಣು ಮಿಟುಕಿಸೋದ್ರೊಳಗೆ ಹೇಳೋ ತಾಣಗಳು ಅಂತರ್ಜಾಲದಲ್ಲಿ ಬೇಕಾದಷ್ಟಿವೆ. ಒಂದು ಖಾನೆಯಲ್ಲಿ ಬೆಂಗಳೂರು, ಇನ್ನೊಂದರಲ್ಲಿ ಸ್ಯಾನ್ ಫ್ರಾನ್ಸಿಸ್ಕೋ ಅಂತ ಕುಟ್ಟಿ ನೋಡಿ. ದೂರ ಸುಮಾರು 14,000 ಕಿಲೋಮೀಟರ್, ಹಾರಾಟದ ಸಮಯ 17 ಗಂಟೆ ಚಿಲ್ಲರೆ ಅಂತ ಬರುತ್ತೆ. ನಮ್ಮ ಕಡೆ ಎಷ್ಟೋ ಮನೆಗಳ ಮಗನೋ ಮಗಳೋ ಆ ದಡದಲ್ಲಿ ಇರೋದರಿಂದ ಈ 17 ಗಂಟೆ ಅನ್ನೋ ಅಂಕಿ ಈಗ ಹಳ್ಳಿ ಜಗಲಿಗಳಲ್ಲೂ ಓಡಾಡ್ತಾ ಇದೆ. "ಏನ್ ಮಹಾ, ಹದಿನೇಳು ಗಂಟೆ. ಇವತ್ತು ಹತ್ತಿದ್ರೆ ನಾಳೆ ಇಲ್ಲಿ" ಅಂತ.

ನನ್ನ ತಕರಾರು ಇರೋದು ಈ ಅಂಕಿಯ ಮೇಲೆ. ಲೆಕ್ಕ ಸರಿಯಾಗೇ ಇದೆ. ಆದರೆ ಪ್ರಯಾಣ ಮಾಡೋ ಮನುಷ್ಯ ಕೇಳೋ ಪ್ರಶ್ನೆಗೂ ಅದು ಕೊಡೋ ಉತ್ತರಕ್ಕೂ ಇರೋ ಸಂಬಂಧ ಬಹಳ ತೆಳು. ಅದನ್ನ ನಂಬಿಕೊಂಡು ಅಪ್ಪ-ಅಮ್ಮನ ಟಿಕೆಟ್ಟು, ನಮ್ಮ ರಜೆ, ಕೊನೆಗೆ ಸಾವಿನ ಮನೆಯ ಕ್ರಿಯೆಯ ಹೊತ್ತನ್ನೂ ಗೊತ್ತು ಮಾಡ್ತೀವಲ್ಲ, ಅದನ್ನ ಬಿಡಬೇಕು ಅಂತ ನನ್ನ ವಾದ. ಸ್ವಲ್ಪ ಉದ್ದ ಆಗುತ್ತೆ, ಕಾಫಿ ಹಿಡ್ಕೊಂಡು ಕೂತ್ಕೊಳ್ಳಿ.

ಮೊದಲು ಈ 14,000 ಎಲ್ಲಿಂದ ಬಂತು ಅಂತ ನೋಡೋಣ. ಶಾಲೆ ಗೋಡೆಗೆ ನೇತುಹಾಕಿದ ಭೂಪಟದಲ್ಲಿ ನಾವು ಬಲಕ್ಕೆ, ಅಮೆರಿಕ ಎಡತುದಿಗೆ. ಅರಬ್ಬೀ ಸಮುದ್ರ, ಆಫ್ರಿಕಾ, ಅಟ್ಲಾಂಟಿಕ್ ದಾಟಿಕೊಂಡು ನೇರ ಎಡಕ್ಕೆ ಹೋಗಬೇಕು ಅನ್ಸುತ್ತೆ. ಮನೇಲಿ ಮಕ್ಕಳ ಗ್ಲೋಬ್ ಇದ್ರೆ ಒಂದು ದಾರ ತಗೊಳ್ಳಿ. ಒಂದು ತುದಿ ಬೆಂಗಳೂರಿನ ಮೇಲೆ, ಇನ್ನೊಂದು ತುದಿ ಸ್ಯಾನ್ ಫ್ರಾನ್ಸಿಸ್ಕೋ ಮೇಲೆ ಇಟ್ಟು ಬಿಗಿಯಾಗಿ ಎಳೀರಿ. ದಾರ ಅಟ್ಲಾಂಟಿಕ್ ಕಡೆ ಮುಖ ಕೂಡ ಹಾಕಲ್ಲ. ಉತ್ತರಕ್ಕೆ, ತುಸು ಪೂರ್ವಕ್ಕೆ ವಾಲಿಕೊಂಡು ಛತ್ತೀಸ್‌ಗಢ, ನೇಪಾಳ, ಟಿಬೆಟ್, ಮಂಗೋಲಿಯಾ, ಸೈಬೀರಿಯಾ ಅಂತ ಹತ್ತಿ, ಸುಮಾರು 71 ಡಿಗ್ರಿ ಉತ್ತರ ಅಕ್ಷಾಂಶ ಮುಟ್ಟಿ, ಅಲಾಸ್ಕಾ ಮೇಲಿಂದ ಕ್ಯಾಲಿಫೋರ್ನಿಯಾಕ್ಕೆ ಇಳಿಯುತ್ತೆ. ಗೋಳದ ಮೇಲೆ ಎರಡು ಜಾಗಗಳ ನಡುವೆ ಇದೇ ಅತಿ ಹತ್ತಿರದ ದಾರಿ. ಗಣಿತದವರು ಇದನ್ನ ಮಹಾವೃತ್ತ ಅಂತಾರೆ. ಭೂಮಿ ಮೇಲೆ ಯಾವ ಎರಡು ಊರಿನ ನಡುವೆಯೂ ಇರಬಹುದಾದ ಗರಿಷ್ಠ ದೂರವೇ ಸುಮಾರು 20,000 ಕಿ.ಮೀ. ಅದರಲ್ಲಿ ನೂರಕ್ಕೆ ಎಪ್ಪತ್ತು ಪಾಲು ನಮ್ಮ ಈ ದಾರಿ. ಅದಕ್ಕೇ ಇದನ್ನ ಉದಾಹರಣೆಗೆ ತಗೊಂಡಿದ್ದು.

ತಾಣಗಳು ಹೇಳೋ ದೂರ ಈ ದಾರದ ಉದ್ದ, ಅಷ್ಟೇ. ಆ ದಾರದ ಮೇಲೆ ವಿಮಾನ ಹೋಗುತ್ತಾ ಅಂದ್ರೆ, ಹಾಗೇ ಅಚ್ಚೊತ್ತಿದಂತೆ ಹೋಗೋದು ಬಹಳ ಕಷ್ಟ.

ಮೊದಲನೇ ಅಡ್ಡಿ ಟಿಬೆಟ್. ವಿಮಾನದೊಳಗಿನ ಗಾಳಿಯ ಒತ್ತಡ ಇದ್ದಕ್ಕಿದ್ದಂತೆ ಹೋದರೆ ತಲೆ ಮೇಲಿಂದ ಆಮ್ಲಜನಕದ ಮುಖವಾಡ ಇಳಿಯುತ್ತಲ್ಲ, ಸಾಮಾನ್ಯ ವಿಮಾನಗಳಲ್ಲಿ ಅದು ಕೆಲಸ ಮಾಡೋದು ಹದಿನೈದು ನಿಮಿಷದ ಆಸುಪಾಸು. ಅಷ್ಟರೊಳಗೆ ಪೈಲಟ್ ವಿಮಾನವನ್ನ ಸುಮಾರು 10,000 ಅಡಿಗೆ, ಅಂದ್ರೆ 3,000 ಮೀಟರಿಗೆ ಇಳಿಸಬೇಕು. ಟಿಬೆಟ್ ಪ್ರಸ್ಥಭೂಮಿಯ ನೆಲವೇ ಸರಾಸರಿ 4,500 ಮೀಟರ್ ಎತ್ತರದಲ್ಲಿದೆ. ಇಳಿಯೋದೆಲ್ಲಿಗೆ? ಹಾಗಾಗಿ ಹೆಚ್ಚಿನ ವಿಮಾನಗಳು ಅದನ್ನ ಸುತ್ತಿಕೊಂಡೇ ಹೋಗ್ತಾವೆ.

2021ರ ಜನವರಿ ನೆನಪಿಸಿಕೊಳ್ಳಿ. ಸ್ಯಾನ್ ಫ್ರಾನ್ಸಿಸ್ಕೋದಿಂದ ಬೆಂಗಳೂರಿಗೆ ಏರ್ ಇಂಡಿಯಾದ ಮೊದಲ ನೇರ ವಿಮಾನ. ಕ್ಯಾಪ್ಟನ್ ಜೋಯಾ ಅಗರ್ವಾಲ್ ಮುಂದಾಳತ್ವದಲ್ಲಿ ಕಾಕ್‌ಪಿಟ್ಟಿನಲ್ಲಿದ್ದವರೆಲ್ಲ ಹೆಂಗಸರೇ, ಉತ್ತರ ಧ್ರುವದ ಮೇಲೆ ಹಾರಿ ಬಂದ್ರು. ಎಲ್ಲ ಪತ್ರಿಕೆಗಳಲ್ಲೂ ಫೋಟೋ ಬಂತು, ನಮಗೂ ಹೆಮ್ಮೆ ಆಯ್ತು. ಆ ಸುದ್ದಿಗಳನ್ನ ಒಟ್ಟಿಗೆ ಇಟ್ಟುಕೊಂಡು ಓದಿದ್ರೆ ಒಂದು ತಮಾಷೆ ಕಾಣುತ್ತೆ. ಎರಡು ಊರುಗಳ ನಡುವಿನ ನೇರ ದೂರ 13,993 ಕಿ.ಮೀ. ಅಂತ ಕಂಪೆನಿಯ ಹೇಳಿಕೆ. ಹಾರಿದ ದೂರ ಸುಮಾರು 16,000 ಕಿ.ಮೀ. ಅಂತ ವರದಿಗಳು. ಎರಡೂ ಒಂದೇ ವಿಮಾನದ ಬಗ್ಗೆ. ಮಧ್ಯದ ಎರಡು ಸಾವಿರ ಕಿಲೋಮೀಟರ್ ಏನು ಕಡಿಮೆಯೇ? ಬೆಂಗಳೂರಿಂದ ದೆಹಲಿಗೆ ರಸ್ತೆ ಮೇಲೆ ಹೋದಷ್ಟು ಆಯ್ತು.

ಸರಿ, ದೂರ ಜಾಸ್ತಿ ಆದ್ರೆ ಹೊತ್ತೂ ಜಾಸ್ತಿ ತಾನೆ ಅಂತೀರಿ. ಅಲ್ಲೇ ಮಜಾ ಇರೋದು.

2016ರ ಅಕ್ಟೋಬರಿನಲ್ಲಿ ಏರ್ ಇಂಡಿಯಾ ದೆಹಲಿ-ಸ್ಯಾನ್ ಫ್ರಾನ್ಸಿಸ್ಕೋ ವಿಮಾನದ ದಾರಿಯನ್ನ ಬದಲಾಯಿಸ್ತು. ಅಲ್ಲಿವರೆಗೆ ಅಟ್ಲಾಂಟಿಕ್ ಮೇಲೆ ಹೋಗ್ತಿತ್ತು, ಸುಮಾರು 13,900 ಕಿ.ಮೀ. ಅದನ್ನ ಬಿಟ್ಟು ಪೂರ್ವಕ್ಕೆ ತಿರುಗಿ ಪೆಸಿಫಿಕ್ ಸಾಗರದ ಮೇಲೆ ಹೋಯ್ತು, ಸುಮಾರು 15,300 ಕಿ.ಮೀ. 1,400 ಕಿಲೋಮೀಟರ್ ಹೆಚ್ಚು ಹಾರಿ, ಹತ್ತಿರ ಹತ್ತಿರ ಎರಡು ಗಂಟೆ ಮೊದಲೇ ತಲುಪಿತು. ಹದಿನಾಲ್ಕೂವರೆ ಗಂಟೆಯಲ್ಲಿ! ವಾಪಸ್ ಬರುವಾಗ ಅಟ್ಲಾಂಟಿಕ್ ದಾರಿ. ಹೋಗಿ ಬರೋದು ಅಂದ್ರೆ ಭೂಮಿಗೆ ಒಂದು ಪ್ರದಕ್ಷಿಣೆ. ಅಂದ ಹಾಗೆ ಈ ಎರಡು ಊರುಗಳ ನಡುವಿನ ದಾರದ ಉದ್ದ 12,400 ಕಿ.ಮೀ. ಮಾತ್ರ. ಹೋದ ದಾರಿ, ಬಂದ ದಾರಿ, ಎರಡರಲ್ಲಿ ಯಾವುದೂ ಆ ಅಂಕಿಯ ಹತ್ತಿರಕ್ಕೂ ಸುಳಿಯಲಿಲ್ಲ.

ಕಾರಣ ಗಾಳಿ. ಒಂಬತ್ತರಿಂದ ಹನ್ನೆರಡು ಕಿಲೋಮೀಟರ್ ಎತ್ತರದಲ್ಲಿ ಪಶ್ಚಿಮದಿಂದ ಪೂರ್ವಕ್ಕೆ ಹೊಳೆಯ ಹಾಗೆ ಹರಿಯೋ ಗಾಳಿ ಇದೆ, ಜೆಟ್ ಸ್ಟ್ರೀಮ್ ಅಂತಾರೆ. ಚಳಿಗಾಲದಲ್ಲಿ ಅದರ ಜೋರು ಗಂಟೆಗೆ 200, 300 ಕಿಲೋಮೀಟರ್ ಮುಟ್ಟೋದೂ ಉಂಟು. ಗಂಟೆಗೆ 900 ಕಿ.ಮೀ. ಹೋಗೋ ವಿಮಾನಕ್ಕೆ ಇದು ಬೆನ್ನಿಗೆ ಬಂದ್ರೆ ಹೊಳೆ ಇಳಿಯೋ ದೋಣಿ, ಎದುರಿಗೆ ಬಂದ್ರೆ ಹೊಳೆ ಹತ್ತೋ ದೋಣಿ. ದಾರಿ ನಿರ್ಧಾರ ಮಾಡೋರು ಪ್ರತಿದಿನ ಗಾಳಿಯ ನಕ್ಷೆ ಎದುರಿಗಿಟ್ಟುಕೊಂಡೇ ಕೂರೋದು. ಇವತ್ತಿನ ದಾರಿ ನಾಳೆ ಇಲ್ಲ.

(ಇಲ್ಲೊಂದು ಅಡ್ಡಮಾತು. "ಭೂಮಿ ಪೂರ್ವಕ್ಕೆ ತಿರುಗ್ತಾ ಇರೋದ್ರಿಂದ ಪಶ್ಚಿಮಕ್ಕೆ ಹಾರಿದ್ರೆ ಬೇಗ ತಲುಪಬೇಕಲ್ವಾ, ಊರೇ ನಮ್ಮ ಕಡೆ ಬರ್ತಿರುತ್ತಲ್ಲ" ಅಂತ ಕೇಳೋರು ಇದ್ದಾರೆ. ಒಳ್ಳೆ ಪ್ರಶ್ನೆಯೇ. ಆದ್ರೆ ಗಾಳಿಯೂ ಭೂಮಿ ಜೊತೆಗೇ ತಿರುಗುತ್ತೆ, ವಿಮಾನ ಆ ಗಾಳಿಯೊಳಗಿದೆ. ಓಡೋ ಬಸ್ಸಿನೊಳಗೆ ಕಡಲೆಕಾಯಿ ಮೇಲಕ್ಕೆ ಎಸೆದ್ರೆ ಅದು ಹಿಂದಿನ ಸೀಟಿಗೆ ಹೋಗಿ ಬೀಳಲ್ಲ, ನಿಮ್ಮ ಕೈಗೇ ಬರುತ್ತೆ. ಹಾಗೆ.)

ಗಾಳಿ ಪ್ರಕೃತಿಯದ್ದು, ಅದರ ಜೊತೆ ಜಗಳ ಆಡೋಕೆ ಆಗಲ್ಲ. ಇನ್ನೊಂದು ಅಡ್ಡಿ ಮನುಷ್ಯರು ಮಾಡಿದ್ದು. ಆಕಾಶಕ್ಕೂ ಬೇಲಿ ಇದೆ. 2022ರ ಫೆಬ್ರವರಿಯಲ್ಲಿ ಉಕ್ರೇನ್ ಯುದ್ಧ ಶುರುವಾದ ಮೇಲೆ ಯೂರೋಪು, ಅಮೆರಿಕದ ವಿಮಾನಗಳಿಗೆ ರಷ್ಯಾದ ಆಕಾಶ ಮುಚ್ಚಿತು. ಹೆಲ್ಸಿಂಕಿಯಿಂದ ಟೋಕಿಯೋಗೆ ಫಿನ್‌ಏರ್ ಒಂಬತ್ತೂವರೆ ಗಂಟೆಯಲ್ಲಿ ಹೋಗ್ತಿತ್ತು, ಅದು ಹದಿಮೂರು ಗಂಟೆ ಆಯ್ತು. ಹೆಲ್ಸಿಂಕಿ ಇದ್ದಲ್ಲೇ ಇದೆ, ಟೋಕಿಯೋ ಇದ್ದಲ್ಲೇ ಇದೆ. ದೂರ ಹೇಳೋ ತಾಣದಲ್ಲಿ ಒಂದು ಕಿಲೋಮೀಟರ್ ಕೂಡ ಹೆಚ್ಚಾಗಲಿಲ್ಲ. ನಮಗೂ ಇದು ಹೊಸದಲ್ಲ. 2019ರಲ್ಲಿ ಫೆಬ್ರವರಿ ಕೊನೆಯಿಂದ ಜುಲೈ ನಡುವಿನವರೆಗೆ ಪಾಕಿಸ್ತಾನದ ಆಕಾಶ ಮುಚ್ಚಿತ್ತು. 2025ರ ಏಪ್ರಿಲ್ 24ರಂದು ನಮ್ಮ ವಿಮಾನಗಳಿಗೆ ಮತ್ತೆ ಮುಚ್ಚಿದ್ರು. ಆಗ ದೆಹಲಿಯಿಂದ ಅಮೆರಿಕಕ್ಕೆ ಹೊರಟ ಕೆಲವು "ನೇರ" ವಿಮಾನಗಳು ವಿಯೆನ್ನಾದಲ್ಲೋ ಕೋಪನ್‌ಹೇಗನ್‌ನಲ್ಲೋ ಇಳಿದು ಎಣ್ಣೆ ತುಂಬಿಸಿಕೊಂಡು ಹೋದವು.

ನೇರ ವಿಮಾನ ಅನ್ನೋದನ್ನ ನಾವು ರಸ್ತೆ ಅಂದ್ಕೋತೀವಿ, ಒಮ್ಮೆ ಆದ್ರೆ ಆಯ್ತು ಅಂತ. ಅದು ವೇಳಾಪಟ್ಟಿಯ ಒಂದು ಸಾಲು ಮಾತ್ರ. ಬೆಂಗಳೂರು-ಸ್ಯಾನ್ ಫ್ರಾನ್ಸಿಸ್ಕೋ ಸಾಲು 2021ರಲ್ಲಿ ಬಂತು, ಆಮೇಲೆ ನಿಂತಿತು, 2022ರ ಡಿಸೆಂಬರಿನಲ್ಲಿ ಮತ್ತೆ ಬಂತು. ಬೆಂಗಳೂರಿಂದ ಸಿಯಾಟಲ್‌ಗೆ ಅಮೆರಿಕನ್ ಏರ್‌ಲೈನ್ಸ್ 2020ರಲ್ಲಿ ಹಾರ್ತೀವಿ ಅಂದಿತ್ತು. ಸ್ಯಾನ್ ಫ್ರಾನ್ಸಿಸ್ಕೋದಿಂದ ಬೆಂಗಳೂರಿಗೆ ಯುನೈಟೆಡ್ 2021ರಲ್ಲಿ ಹಾರ್ತೀವಿ ಅಂದಿತ್ತು. ಎರಡೂ ಮುಂದಕ್ಕೆ ಹೋಗಿ ಹೋಗಿ ಬಿದ್ದುಹೋದವು. ನಮ್ಮ ಊರಿನ ಎತ್ತರವೂ ಇಲ್ಲಿ ಸಣ್ಣ ಪಾತ್ರ ಮಾಡುತ್ತೆ. ದೇವನಹಳ್ಳಿ ಸಮುದ್ರಮಟ್ಟದಿಂದ ಸುಮಾರು 915 ಮೀಟರ್ ಮೇಲಿದೆ. ಗಾಳಿ ತೆಳು. ಒಂದು ಲಕ್ಷ ಕಿಲೋಗೂ ಹೆಚ್ಚು ಇಂಧನ ಹೊತ್ತುಕೊಂಡು ಬಿಸಿಲಲ್ಲಿ ಏಳಬೇಕಾದ ವಿಮಾನಕ್ಕೆ ಅದು ಹೊರೆ. ಭಾರ ಇಳಿಸಬೇಕು ಅಂದ್ರೆ ಕೆಲವು ಸೀಟು ಖಾಲಿ ಬಿಡಬೇಕು, ಇಲ್ಲ ಸರಕು ಬಿಡಬೇಕು. ಎರಡೂ ನಷ್ಟವೇ.

ಇಷ್ಟೆಲ್ಲ ಸರಿ ಇದ್ದೂ ದಾರಿ ಮಧ್ಯೆ ಏನೋ ಆಗಬಹುದು. 2023ರ ಜೂನಿನಲ್ಲಿ ದೆಹಲಿಯಿಂದ ಸ್ಯಾನ್ ಫ್ರಾನ್ಸಿಸ್ಕೋಗೆ ಹೊರಟಿದ್ದ ವಿಮಾನ ಇಂಜಿನ್ ತೊಂದರೆಯಿಂದ ರಷ್ಯಾದ ದೂರದ ಪೂರ್ವದ ಮಗದಾನ್‌ನಲ್ಲಿ ಇಳೀತು. 216 ಪ್ರಯಾಣಿಕರು. ಊರು ಸಣ್ಣದು, ಹೋಟೆಲು ಸಾಲದೆ ತಾತ್ಕಾಲಿಕ ಜಾಗಗಳಲ್ಲಿ ನೆಲದ ಮೇಲೆ ಹಾಸಿಗೆ ಹಾಕಿ ಮಲಗಿಸಿದರು. ಬದಲಿ ವಿಮಾನ ಬಂದು ಕರ್ಕೊಂಡು ಹೋಗೋ ಹೊತ್ತಿಗೆ ಎರಡು ದಿನ. ವಿಮಾನ ಕ್ಷೇಮವಾಗಿ ಇಳೀತಲ್ಲ, ಅದು ದೊಡ್ಡದು. ಆದ್ರೆ ಆ ವಿಮಾನದಲ್ಲಿ ಇನ್ಸುಲಿನ್ ಚುಚ್ಚಿಕೊಳ್ಳೋ ಹಿರಿಯರು ಇದ್ದಿದ್ರೆ? ಕೈಚೀಲದಲ್ಲಿ ಒಂದೇ ದಿನದ ಮಾತ್ರೆ ಇಟ್ಟುಕೊಂಡು, ಉಳಿದದ್ದನ್ನ ಹೊಟ್ಟೆಯೊಳಗೆ ಹೋಗೋ ಸೂಟ್‌ಕೇಸಿಗೆ ತುಂಬಿಸಿದ್ರೆ? "ಹದಿನಾರು ಗಂಟೆ ತಾನೆ" ಅಂತ ಹಾಗೆ ಮಾಡೋರು ಬೇಕಾದಷ್ಟು ಜನ.

ಈಗ ಗಡಿಯಾರಕ್ಕೆ ಬರೋಣ. ಇದು ಇನ್ನೊಂದು ಗೊಂದಲ. ನಮಗೂ ಕ್ಯಾಲಿಫೋರ್ನಿಯಾಕ್ಕೂ ಚಳಿಗಾಲದಲ್ಲಿ 13.30 ಗಂಟೆ ವ್ಯತ್ಯಾಸ, ಬೇಸಿಗೆಯಲ್ಲಿ ಅವರು ಗಡಿಯಾರ ಮುಂದೆ ತಿರುಗಿಸೋದ್ರಿಂದ 12.30. ಬೆಂಗಳೂರಿಂದ ಮಧ್ಯಾಹ್ನ ಎರಡಕ್ಕೆ ಹೊರಟವರು ಅದೇ ದಿನ ಸಂಜೆ ಐದಕ್ಕೆ ಅಲ್ಲಿ ಇಳೀತಾರೆ, ಮೂರೇ ಗಂಟೆ ಆದ ಹಾಗೆ. ಆ ಮೊದಲ ವಿಮಾನ ಅಲ್ಲಿಂದ 2021ರ ಜನವರಿ 9, ಶನಿವಾರ ರಾತ್ರಿ ಹೊರಟು ಇಲ್ಲಿ ಇಳಿದದ್ದು 11ರ ಸೋಮವಾರ ಬೆಳಗಿನ ಜಾವ. ಒಂದಿಡೀ ಭಾನುವಾರ ಆಕಾಶದಲ್ಲೇ ಕರಗಿಹೋಯ್ತು. ಅಲ್ಲಿಂದ ಫೋನ್ ಮಾಡಿ "ಶನಿವಾರ ಹೊರಡ್ತೀನಿ" ಅಂದ್ರೆ ಇಲ್ಲಿ ಅಮ್ಮ ಭಾನುವಾರ ಬೆಳಿಗ್ಗೆಗೇ ದೋಸೆ ಹಿಟ್ಟು ರುಬ್ಬಿಟ್ಟುಕೊಂಡು ಕೂತಿರ್ತಾರೆ :)

ನಾನು ತುಂಬ ಹೊತ್ತು ನಿಲ್ಲಬೇಕು ಅಂದ್ಕೊಂಡಿರೋದು ಎರಡು ಜಾಗದಲ್ಲಿ. ಒಂದು, ಅಪ್ಪ-ಅಮ್ಮನ ಟಿಕೆಟ್ಟು.

ಟಿಕೆಟ್ ತಾಣ ತೆರೆದ ತಕ್ಷಣ ನಾವು ಮಾಡೋದೇನು? "ಕಡಿಮೆ ಬೆಲೆ" ಒತ್ತುತೀವಿ, ಅದು ಸರಿಬರದಿದ್ರೆ "ಕಡಿಮೆ ಪ್ರಯಾಣ ಸಮಯ" ಒತ್ತುತೀವಿ. ಎರಡನೆಯದು ಹೆತ್ತವರ ಮೇಲಿನ ಕಾಳಜಿ ಅಂತ ನಮ್ಮ ಭಾವನೆ. ಅದು ಪೂರ್ತಿ ಕಾಳಜಿ ಅಲ್ಲ ಅಂತೀನಿ ನಾನು. ಲೆಕ್ಕ ನೋಡಿ. ದುಬೈ ಮೇಲೆ ಹೋದ್ರೆ ಬೆಂಗಳೂರು-ದುಬೈ ಸುಮಾರು 2,700 ಕಿ.ಮೀ., ದುಬೈ-ಸ್ಯಾನ್ ಫ್ರಾನ್ಸಿಸ್ಕೋ ಸುಮಾರು 13,000. ಒಟ್ಟು 15,700. ಫ್ರಾಂಕ್‌ಫರ್ಟ್ ಮೇಲೆ ಹೋದ್ರೆ 7,400 ಮತ್ತು 9,150, ಒಟ್ಟು 16,550. ಸಿಂಗಪುರದ ಮೇಲೆ 3,180 ಮತ್ತು 13,600, ಒಟ್ಟು 16,800ರ ಹತ್ತಿರ. ಒಟ್ಟು ದೂರ ನೋಡಿದ್ರೆ ದುಬೈ ಗೆಲ್ಲುತ್ತೆ. ಆದ್ರೆ ದುಬೈ ದಾರಿಯಲ್ಲಿ ನಾಲ್ಕು ಗಂಟೆ ಕೂತು ಎದ್ದು, ನಡುರಾತ್ರಿಯೋ ಬೆಳಗಿನ ಜಾವವೋ ಅಷ್ಟು ದೊಡ್ಡ ನಿಲ್ದಾಣದಲ್ಲಿ ಅಲೆದು, ಮತ್ತೆ ಒಂದೇ ಸಲಕ್ಕೆ ಹದಿನಾರು ಗಂಟೆ ಕೂರಬೇಕು. ಫ್ರಾಂಕ್‌ಫರ್ಟ್ ದಾರಿಯಲ್ಲಿ ಹತ್ತು, ಹನ್ನೊಂದು ಅಂತ ಸರಿಸುಮಾರು ಎರಡು ಪಾಲು. 850 ಕಿಲೋಮೀಟರ್ ಹೆಚ್ಚಾದ್ರೇನು, ಮಂಡಿ ನೋವಿರೋ ಎಪ್ಪತ್ತರ ಅಮ್ಮನಿಗೆ ಯಾವುದು ಹತ್ತಿರ?

ವಿಮಾನದೊಳಗಿನ ಗಾಳಿಯ ಒತ್ತಡ ಸಾಮಾನ್ಯವಾಗಿ 1,800ರಿಂದ 2,400 ಮೀಟರ್ ಎತ್ತರದಲ್ಲಿ ಇರೋವಷ್ಟಿರುತ್ತೆ. ನಮ್ಮ ಮುಳ್ಳಯ್ಯನಗಿರಿ 1,930 ಮೀಟರ್. ಅದರ ತುದಿಗೋ ಅದಕ್ಕಿಂತ ಮೇಲಕ್ಕೋ ಅಪ್ಪನನ್ನ ಕರ್ಕೊಂಡು ಹೋಗಿ, ಒಂದು ಕುರ್ಚಿಯಲ್ಲಿ ಹದಿನಾರು ಗಂಟೆ ಕೂರಿಸಿದ ಹಾಗೆ. ಗಾಳಿಯಲ್ಲಿ ತೇವ ನೂರಕ್ಕೆ ಇಪ್ಪತ್ತಕ್ಕಿಂತ ಕಡಿಮೆ, ಗಂಟಲು ಒಣಗುತ್ತೆ. ನೀರು ಕುಡಿದ್ರೆ ಎದ್ದು ಹೋಗಬೇಕಾಗುತ್ತೆ, ಪಕ್ಕದವರನ್ನ ಎಬ್ಬಿಸೋದು ಹೇಗೆ ಅಂತ ನಮ್ಮ ಹಿರಿಯರು ನೀರೇ ಕುಡಿಯಲ್ಲ. ನಾಲ್ಕು ಗಂಟೆಗಿಂತ ಹೆಚ್ಚು ಹೊತ್ತು ಅಲುಗಾಡದೆ ಕೂತು ಪ್ರಯಾಣ ಮಾಡಿದ್ರೆ ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟೋ ಸಾಧ್ಯತೆ ಹತ್ತಿರ ಹತ್ತಿರ ಎರಡರಷ್ಟಾಗುತ್ತೆ ಅಂತ ವಿಶ್ವ ಆರೋಗ್ಯ ಸಂಸ್ಥೆ 2007ರಲ್ಲೇ ಹೇಳಿದೆ. ಹೆದರಿಸೋಕೆ ಹೇಳ್ತಿಲ್ಲ. ಹಾಗಾದ್ರೂ ಅದು ಆರು ಸಾವಿರಕ್ಕೆ ಒಬ್ಬರಿಗೆ ಅನ್ನೋ ಮಟ್ಟದ್ದು. ಆದ್ರೂ ಕಿಟಕಿ ಸೀಟು ಬೇಡ, ಓಡಾಡೋ ದಾರಿ ಪಕ್ಕದ ಸೀಟು ಕೊಡಿಸಿ. ದುಡ್ಡು ಕೇಳಿದ್ರೂ ಕೊಡಿಸಿ.

ಇನ್ನು ನಡುವಿನ ನಿಲ್ದಾಣದ ಹೊತ್ತು. ಒಂದೂಕಾಲು ಗಂಟೆಯ ಬದಲಾವಣೆ ಇರೋ ಟಿಕೆಟ್ "ಕಡಿಮೆ ಸಮಯ" ಪಟ್ಟಿಯಲ್ಲಿ ಮೇಲೆ ಬಂದು ಕೂರುತ್ತೆ. ಮೊದಲ ವಿಮಾನ ಮುಕ್ಕಾಲು ಗಂಟೆ ತಡ ಆದ್ರೆ ಮುಗೀತು. ನಮ್ಮಂಥವರು ಓಡಿಯಾದ್ರೂ ಹಿಡೀಬಹುದು. ಇಂಗ್ಲಿಷ್ ಅಷ್ಟಕ್ಕಷ್ಟೇ, ಫಲಕ ಓದೋಕೆ ಕನ್ನಡಕ ಹುಡುಕಬೇಕು ಅನ್ನೋರಿಗೆ ಮೂರು ಗಂಟೆಯ ಬಿಡುವೇ ನಿಜವಾದ ಬೇಗ. ವೀಲ್‌ಚೇರ್ ಕೇಳಿದ್ರೆ ಒಬ್ಬರು ಬಾಗಿಲಿಂದ ಬಾಗಿಲಿಗೆ ಕರ್ಕೊಂಡು ಹೋಗ್ತಾರೆ. "ನನಗೇನು ಕಾಲಿಲ್ವಾ" ಅಂತ ಅಪ್ಪಂದಿರು ಸಿಟ್ಟಾಗ್ತಾರೆ, ಗೊತ್ತಿದೆ. ಆದ್ರೆ ನಿಜಕ್ಕೂ ನಡೆಯೋಕಾಗದವರಿಗೆ ಕುರ್ಚಿ ಸಾಲದೆ ಹೋಗೋದೂ ಇದೆ, ಆದ್ದರಿಂದ ನಡೆಯಬಲ್ಲವರಿಗೆ ಅದನ್ನ ಬರೀ ದಾರಿ ತೋರಿಸೋಕೆ ಅಂತ ಬಳಸೋದು ನನಗೆ ಪೂರ್ತಿ ಒಪ್ಪಿಗೆ ಇಲ್ಲ. ಜೊತೆಗೆ ಹೋಗೋ ಕನ್ನಡದವರು ಯಾರಾದ್ರೂ ಇದ್ದಾರಾ ಅಂತ ಮೊದಲೇ ವಿಚಾರಿಸಿಕೊಳ್ಳೋದು ಇನ್ನೂ ವಾಸಿ.

ಎರಡನೇ ಜಾಗ ಸಾವಿನ ಮನೆ.

ಹೋದ ಮಳೆಗಾಲದಲ್ಲಿ ಸಾಗರದ ಹತ್ತಿರ ನಮ್ಮ ನೆಂಟರೊಬ್ಬರ ಮನೆಯಲ್ಲಿ ಹಿರಿಯರು ತೀರಿಕೊಂಡರು. ಮಂಗಳವಾರ ಬೆಳಿಗ್ಗೆ ಆರು ಗಂಟೆ. ಮಗ ಕ್ಯಾಲಿಫೋರ್ನಿಯಾದಲ್ಲಿ. ಅಲ್ಲಿ ಸೋಮವಾರ ಸಂಜೆ ಐದೂವರೆ. "ಹೊರಡ್ತೀನಿ" ಅಂದ. ಜಗಲಿಯಲ್ಲಿದ್ದ ಕಾಲೇಜು ಹುಡುಗ ಫೋನಿನಲ್ಲಿ ನೋಡಿ "ಹದಿನೇಳು ಗಂಟೆ ದೊಡ್ಡಪ್ಪ, ನಾಳೆ ಬೆಳಿಗ್ಗೆ ಹತ್ತರೊಳಗೆ ಬರ್ತಾನೆ" ಅಂತ ಹೇಳಿಬಿಟ್ಟ. ಆ ಒಂದು ಮಾತಿನ ಮೇಲೆ ಎಲ್ಲ ನಿರ್ಧಾರ ಆಯ್ತು. ಸಾಗರದಿಂದ ಫ್ರೀಜರ್ ಪೆಟ್ಟಿಗೆ ತರಿಸಿದ್ರು. ಭಟ್ಟರಿಗೆ ಬುಧವಾರ ಮಧ್ಯಾಹ್ನ ಬನ್ನಿ ಅಂದ್ರು. ನೆಂಟರಿಗೆಲ್ಲ ಹಾಗೇ ಸುದ್ದಿ ಹೋಯ್ತು.

ಆ ಮಗನ ಕಡೆಯಿಂದ ಲೆಕ್ಕ ನೋಡಿ. ಸಂಜೆ ಐದೂವರೆಗೆ ಸುದ್ದಿ. ಪಾಸ್‌ಪೋರ್ಟ್ ಹುಡುಕಿ, ಆಫೀಸಿಗೆ ಹೇಳಿ, ಮಕ್ಕಳಿಗೆ ವ್ಯವಸ್ಥೆ ಮಾಡಿ, ಸೀಟು ಸಿಕ್ಕಿದ್ದು ಮಾರನೇ ದಿನ ಅವರ ಮಂಗಳವಾರ ಮಧ್ಯಾಹ್ನ ಮೂರರ ವಿಮಾನಕ್ಕೆ. ಆಗ ನಮ್ಮಲ್ಲಿ ಬುಧವಾರ ಬೆಳಗಿನ ಜಾವ ಮೂರೂವರೆ. ಮಧ್ಯೆ ಒಂದು ಕಡೆ ಇಳಿದು ಹತ್ತಿ ಬೆಂಗಳೂರಿಗೆ 22 ಗಂಟೆ. ಇಳಿದಾಗ ಗುರುವಾರ ನಸುಕಿನ ಒಂದೂವರೆ. ಹೊರಗೆ ಬಂದು ಕಾರು ಹತ್ತೋ ಹೊತ್ತಿಗೆ ಮೂರು. ದೇವನಹಳ್ಳಿಯಿಂದ ಸಾಗರದ ಆಚೆಗೆ ಮಳೆಯಲ್ಲಿ ಎಂಟು ಗಂಟೆ. ಮನೆ ಅಂಗಳಕ್ಕೆ ಬಂದಾಗ ಗುರುವಾರ ಹನ್ನೊಂದು. ಒಟ್ಟು 53 ಗಂಟೆ! ಇದರಲ್ಲಿ ಯಾರೂ ಸೋಮಾರಿತನ ಮಾಡಲಿಲ್ಲ, ಯಾವ ವಿಮಾನವೂ ತಡವಾಗಲಿಲ್ಲ.

ಇತ್ತ ಬುಧವಾರ ಹತ್ತಾಯ್ತು, ಹನ್ನೆರಡಾಯ್ತು. ಮಳೆಗೆ ಕರೆಂಟು ಹೋಗೋದು ಬರೋದು ಮಾಡ್ತಿತ್ತು, ಪೆಟ್ಟಿಗೆಗೆ ಜನರೇಟರ್ ತರಿಸಬೇಕಾಯ್ತು. ಬಂದ ನೆಂಟರು ಕೂತೇ ಇದ್ದರು, ಮನೆಯವರು ಉಪವಾಸ. "ಹದಿನೇಳು ಗಂಟೆ ಅಂದೆಯಲ್ಲೋ ಮಾರಾಯಾ" ಅಂತ ಆ ದೊಡ್ಡಪ್ಪ ಹುಡುಗನನ್ನ ಮೂರು ಸಲ ಕೇಳಿದರು. ಹುಡುಗ ಅಳೋದೊಂದು ಬಾಕಿ. ಸಂಜೆ ನಾಲ್ಕರ ಹೊತ್ತಿಗೆ ಇನ್ನು ಕಾಯೋದು ಬೇಡ ಅಂತಾಗಿ ತಮ್ಮನೇ ಬೆಂಕಿ ಕೊಟ್ಟ. ಅಣ್ಣ ಆಗ ಎರಡನೇ ವಿಮಾನ ಹತ್ತೋಕೆ ಕಾಯ್ತಾ ಇದ್ದ. ಗುರುವಾರ ಅವನು ಬಂದಾಗ ಅಂಗಳದಲ್ಲಿ ಇದ್ದದ್ದು ಖಾಲಿ ಪೆಟ್ಟಿಗೆ, ವಾಪಸ್ ಕಳಿಸೋಕೆ ಅಂತ ತೊಳೆದು ಇಟ್ಟಿದ್ದು.

ಮಂಗಳವಾರವೇ "ಗುರುವಾರ ಮಧ್ಯಾಹ್ನ ಆಗುತ್ತೆ" ಅಂತ ಗೊತ್ತಿದ್ದಿದ್ರೆ? ಒಂದೋ ಅವತ್ತೇ ಮುಗಿಸಿಬಿಡ್ತಿದ್ದರು, ಮಗನೂ ಅಲ್ಲಿಂದಲೇ ವೀಡಿಯೋದಲ್ಲಿ ಮುಖ ನೋಡಿ "ಆಗಲಿ" ಅಂತಿದ್ದ. ಇಲ್ಲವೇ ಗುರುವಾರದವರೆಗೆ ಕಾಯೋದು ಅಂತ ಗಟ್ಟಿ ಮಾಡಿಕೊಂಡು, ದೇಹವನ್ನ ಆಸ್ಪತ್ರೆಯ ಶೈತ್ಯಾಗಾರದಲ್ಲಿ ಇಟ್ಟು, ನೆಂಟರಿಗೆ ಸರಿಯಾದ ದಿನ ಹೇಳ್ತಿದ್ದರು. ಎರಡರಲ್ಲಿ ಯಾವುದಾದ್ರೂ ನಡೀತಿತ್ತು. ಆದದ್ದು ಮೂರನೆಯದು. ಕಾದೂ ಕಾಯದ ಹಾಗೆ. ಅಣ್ಣನಿಗೆ ತಮ್ಮನ ಮೇಲೆ, ತಮ್ಮನಿಗೆ ಅಣ್ಣನ ಮೇಲೆ ಹೇಳಿಕೊಳ್ಳಲಾಗದ ಒಂದು ಅಸಮಾಧಾನ ಇವತ್ತಿಗೂ ಇದೆ.

ಹೊರದೇಶದಲ್ಲಿರೋ ಗೆಳೆಯರಲ್ಲಿ ಒಂದು ವಿನಂತಿ. ನಿಮ್ಮ ಊರಿನ ಮನೆಗೆ ನಿಮ್ಮ ಅಲ್ಲಿನ ಮನೆಯಿಂದ ಬಾಗಿಲಿಂದ ಬಾಗಿಲಿಗೆ ಎಷ್ಟು ಗಂಟೆ ಅಂತ ಈಗಲೇ ಕೂತು ಲೆಕ್ಕ ಹಾಕಿ. ಟಿಕೆಟ್ ಸಿಗೋ ಹೊತ್ತು, ಮೂರು ಗಂಟೆ ಮೊದಲು ನಿಲ್ದಾಣಕ್ಕೆ ಹೋಗೋದು, ನಡುವಿನ ನಿಲ್ದಾಣ, ಇಮಿಗ್ರೇಶನ್ ಸಾಲು, ಕೊನೆಯ ಎಂಟು ಗಂಟೆಯ ರಸ್ತೆ, ಎಲ್ಲ ಸೇರಿಸಿ. ಬೇರೆ ದೇಶದ ಪಾಸ್‌ಪೋರ್ಟ್ ಆಗಿದ್ರೆ ಓಸಿಐ ಕಾರ್ಡ್ ಎಲ್ಲಿದೆ ನೋಡಿಕೊಳ್ಳಿ. ಬರೋ ಅಂಕಿಯನ್ನ ಇಲ್ಲಿನ ಅಣ್ಣನಿಗೋ ತಮ್ಮನಿಗೋ ಅಕ್ಕನಿಗೋ ಹೇಳಿಡಿ. "ಇಷ್ಟು ಹೊತ್ತು ಆಗುತ್ತೆ, ಹಾಗೇನಾದ್ರೂ ಆದ್ರೆ ಕಾಯಬೇಕೋ ಬೇಡವೋ" ಅನ್ನೋ ಮಾತೂ ಆಗಿಹೋಗಲಿ. ಅಪಶಕುನ ಅಂತ ಬೈತಾರೆ. ಬೈಸಿಕೊಳ್ಳಿ. ಸಾಧ್ಯ ಆದ್ರೆ ಅಪ್ಪ-ಅಮ್ಮನನ್ನೇ ಕೇಳಿ. ನಮಗಿಂತ ಸಲೀಸಾಗಿ ಅವರು ಉತ್ತರ ಕೊಡ್ತಾರೆ, ನಾನು ನೋಡಿದ್ದೀನಿ.

ದೂರ ಹೇಳೋ ತಾಣದವರಿಗೂ ಒಂದು ಮಾತು, ಅವರು ಇದನ್ನ ಓದ್ತಾರೆ ಅಂತೇನಲ್ಲ. ಒಂದೇ ಅಂಕಿಯ ಬದಲು ಎರಡು ಕೊಡಿ. "ಕಳೆದ ವರ್ಷ ಅತಿ ಕಡಿಮೆ ಇಷ್ಟು, ಅತಿ ಹೆಚ್ಚು ಇಷ್ಟು" ಅಂತ. ಹಾರಿದ ಪ್ರತಿ ವಿಮಾನದ ಜಾಡೂ ಇವತ್ತು ದಾಖಲಾಗುತ್ತೆ, ಲೆಕ್ಕ ಹಾಕೋದು ಕಷ್ಟ ಅಲ್ಲ. ವೇಳಾಪಟ್ಟಿಯ ಗಂಟೆಗಳಲ್ಲಿ ನಿಲ್ದಾಣದ ನೆಲದ ಮೇಲೆ ಉರುಳೋ ಹೊತ್ತೂ ಸೇರಿರುತ್ತೆ, ತಡ ಆದ್ರೆ ಇರಲಿ ಅಂತ ಕಂಪೆನಿಗಳು ಸ್ವಲ್ಪ ಹೆಚ್ಚುವರಿ ಇಟ್ಟುಕೊಂಡಿರ್ತಾವೆ ಅನ್ನೋದನ್ನೂ ಕೆಳಗೆ ಒಂದು ಸಾಲು ಬರೆದ್ರೆ ಜನಕ್ಕೆ ಅರ್ಥ ಆಗುತ್ತೆ.

ನಾನೊಂದು ಪಟ್ಟಿ ಮಾಡ್ತಾ ಇದ್ದೀನಿ. ಹೊರದೇಶದ ಮನೆಯ ಬಾಗಿಲು ಹಾಕಿದ ಹೊತ್ತಿಂದ ಊರಿನ ಮನೆಯ ಬಾಗಿಲು ಮುಟ್ಟಿದ ಹೊತ್ತಿನವರೆಗೆ, ಯಾವ ತಿಂಗಳು, ಯಾವ ದಾರಿ, ಎಷ್ಟು ಗಂಟೆ. ಸಾಗರದ ಕಡೆಯವು ಮೂರು ಸಿಕ್ಕಿವೆ, ಸುಳ್ಯದ್ದು ಒಂದು, ಧಾರವಾಡದ್ದು ಎರಡು. ಬೀದರಿನವರು ಹೈದರಾಬಾದಿನಿಂದ ಹತ್ತೋದ್ರಿಂದ ಅವರದ್ದು ಬೇರೆಯೇ ಲೆಕ್ಕ ಇರಬೇಕು. ಆ ಕಡೆಯವರು ಯಾರಾದ್ರೂ ಇದ್ದೀರಾ?